ಸಮುದ್ರಜ್ಯೋತಿಯ ಹೂವು

ಕಾಗವಾಡದ ಚೌಗಲೆಯವರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಜೈನರ ಮನೆ. ದೀಪ ಹಚ್ಚಿದ ಮೇಲೆ ಅನ್ನದ ಅಗುಳೂ ಬಾಯಿಗೆ ಹೋಗುವಂತಿಲ್ಲ. ಹಾಗಾಗಿ ಸಂಜೆ ಆರರ ಸುಮಾರಿಗೆ ಮನೆಯ ಆರೂ ಮಂದಿ ತಪ್ಪದೆ ಒಂದೇ ಕಡೆ ಸಿಗುತ್ತಿದ್ದರು. ಜಗಳಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇರೆ ಯಾವುದಿದ್ದೀತು?

ಏಪ್ರಿಲ್ ಮೊದಲ ವಾರದ ಆ ಸಂಜೆ ಭಕ್ರಿ ಬುಟ್ಟಿಯ ಪಕ್ಕ ಬ್ರಾಹ್ಮಿಯ ಮೊಬೈಲು ನೀರಿನ ತಂಬಿಗೆಗೆ ಒರಗಿ ನಿಂತಿತ್ತು. ಅದರೊಳಗೆ ಎರಡು ಬಿಳಿ ಹಡಗು.

"ಇದು ಸಮುದ್ರಜ್ಯೋತಿ. ಇದು ಸಮುದ್ರಕಾಂತಿ," ಎಂದಳು ಬ್ರಾಹ್ಮಿ. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು, ಇಂಥ ಕೆಲಸವೆಲ್ಲ ಅವಳದೇ.

ಅಜ್ಜ ತವನಪ್ಪ ಚಷ್ಮಾ ಏರಿಸಿ ನೋಡಿದರು. "ಎರಡೂ ಒಂದ ಹಡಗಲ್ಲೇನ ಇದು?"

"ಅಲ್ಲ ಅಜ್ಜಾ. ಒಂದ ಕಂಪನಿವು, ಅವಳಿ ಜವಳಿ ಇದ್ದಂಗ. ಎರಡಕ್ಕೂ ಹನ್ನೊಂದ ಮಜಲ. ಎರಡೂ ಮುಂಬೈದಿಂದ ಬಿಡ್ತಾವು. ಎರಡರಾಗೂ ಜೈನರ ಅಡಗಿ ಬ್ಯಾರೆ."

"ಮತ್ತ ಇದರಾಗ ಆರಿಸೂದು ಏನೈತಿ?"

"ಐತಿ ಅಜ್ಜಾ!" ಅಭಿ, ಅಂದರೆ ಅಭಿನಂದನ, ತಾಟಿನ ಮುಂದೆಯೇ ಎದ್ದು ನಿಂತ. ಇಪ್ಪತ್ತು ವರ್ಷದ ಈ ಮೊಮ್ಮಗನಿಗೆ ಕೂತು ಮಾತಾಡಿ ಅಭ್ಯಾಸವಿರಲಿಲ್ಲ. ನೀರು ಕೇಳುವುದಕ್ಕೂ ಒಂದು ಎಂಟ್ರಿ ಬೇಕಿತ್ತು. "ಹೀರೋ ಒಬ್ಬನ, ಡಬಲ್ ಆ್ಯಕ್ಟಿಂಗ್! ಜ್ಯೋತಿ ಅನ್ನಾಂವ ಸಾಧು. ಕಾಂತಿ ಅನ್ನಾಂವ ಡಾನ್. ಸಾಧು ಕೂಡ ಹೋದ್ರ ಪುಣ್ಯ ಬರತೈತಿ ಅಜ್ಜಾ, ಡಾನ್ ಕೂಡ ಹೋದ್ರ ಮಜಾ ಬರತೈತಿ!"

"ಡಾನ್ ಸಾಹೇಬ್ರು ಕುಂತ ಉಣ್ರಿ, ಹೊತ್ತ ಮುಳಗಾಕತ್ತೈತಿ," ಎಂದು ತಾಯಿ ನೀಲಮ ಅವನ ತಾಟಿಗೆ ಮಟಕಿ ಪಲ್ಯ ಬಡಿಸಿದಳು.

ಅಜ್ಜ ತವನಪ್ಪ, ಆಯಿ ಸುಗಂಧಾ ಮದುವೆಯಾಗಿ ಐವತ್ತು ವರ್ಷ ತುಂಬಿತ್ತು. ದ್ರಾಕ್ಷಿಗೆ ಈ ಸಲ ಒಳ್ಳೆಯ ಧಾರಣೆ ಸಿಕ್ಕ ಖುಷಿಯಲ್ಲಿ ಮಗ ಜಿನೇಂದ್ರ, ಇಡೀ ಮನೆ ಹಡಗಿನಲ್ಲಿ ಐದು ದಿನ ತಿರುಗಿ ಬರೋಣ ಎಂದಿದ್ದ. ಎಲ್ಲರೂ ಹೂಂ ಎಂದಿದ್ದರು. ಎಡವಟ್ಟು ಶುರುವಾದದ್ದು ಯಾವ ಹಡಗು ಎಂಬಲ್ಲಿ.

ವ್ಯತ್ಯಾಸ ಇದ್ದದ್ದು ಬೆರಳೆಣಿಕೆಯಷ್ಟು. ಜ್ಯೋತಿ ಮೇ ಮೊದಲ ವಾರ ಹೊರಡುತ್ತಿತ್ತು. ಒಂದು ದಿನ ಮಂಗಳೂರಲ್ಲಿ ನಿಂತು ಕೊಚ್ಚಿಗೆ ಹೋಗುತ್ತಿತ್ತು. ಕಾಂತಿ ಹೊರಡುವುದು ಮೇ ಮೂರನೆಯ ವಾರ, ನೇರ ಕೊಚ್ಚಿಗೆ. ಜ್ಯೋತಿಯ ಮೇಲಿನ ನೀರಿನ ಜಾರಬಂಡಿ ಮೂರು ಮಜಲು ಎತ್ತರ, ಕಾಂತಿಯದು ಐದು. ಅಭಿಯ ಮಟ್ಟಿಗೆ ಅಲ್ಲಿಗೆ ಸಿನಿಮಾ ಮುಗಿದಿತ್ತು.

ಜಿನೇಂದ್ರನೂ ಕಾಂತಿ ಎಂದ. ಕಾರಣ ಶೇಡಬಾಳದ ಬಾಳಾಸಾಬ. ಅವನೂ ದ್ರಾಕ್ಷಿ ಬೆಳೆಗಾರ, ಹೋದ ದೀಪಾವಳಿಗೆ ಜ್ಯೋತಿಯಲ್ಲಿ ಹೋಗಿ ಬಂದು ಒಂದು ತಿಂಗಳು ಸ್ಟೇಟಸ್ ಇಟ್ಟಿದ್ದ. "ಬಾಳಾಸಾಬ ಕಾಲಿಟ್ಟ ಹಡಗದಾಗ ನಾ ಕಾಲ ಇಡೂದಿಲ್ಲ," ಎಂದು ಜಿನೇಂದ್ರ ಮಜ್ಜಿಗೆ ಸುರಿದುಕೊಂಡ.

ಅಜ್ಜನಿಗೆ ಮೇ ಮೊದಲ ವಾರ ತೋಟದಲ್ಲಿ ಆಳುಗಳಿರುತ್ತಾರೆ ಎಂಬ ಚಿಂತೆ, ಅವರೂ ಕಾಂತಿ. ಬ್ರಾಹ್ಮಿಗೆ ಮಂಗಳೂರು ನೋಡಬೇಕು, ಜ್ಯೋತಿ. ನೀಲಮ, "ಐದ ದಿನ ಒಲಿ ಹಚ್ಚೂದಿಲ್ಲ, ಭಾಂಡಿ ತಿಕ್ಕೂದಿಲ್ಲ ಅಂದ್ರ ನಾ ಡೋಣಿ ತಂದ್ರೂ ಬರ್ತೀನಿ. ಆದ್ರ ಜ್ಯೋತಿದಾಗ ಸಂಜಿ ಊಟ ಐದೂವರಿಗೇ ಹಾಕ್ತಾರಂತ, ಗಡಿಬಿಡಿ ಇಲ್ಲ," ಎಂದಳು.

"ಆಯಿ, ನಿಂದು?"

ಆಯಿ ಸುಗಂಧಾ ಶೇಂಗಾ ಚಟ್ನಿಯನ್ನು ಭಕ್ರಿಯ ಅಂಚಿಗೆ ಒತ್ತುತ್ತಿದ್ದಳು. "ನನಗ ಜ್ಯೋತಿ ಇರಲಿ."

"ಯಾಕ?"

"ಬಣ್ಣ ಚಲೋ ಐತಿ."

ಎರಡೂ ಹಡಗು ಹಾಲಿನಷ್ಟು ಬಿಳಿ. ಮನೆಮಂದಿಯೆಲ್ಲ ನಕ್ಕರು. ಅಭಿ ಟವೆಲನ್ನು ತಲೆಮೇಲೆ ಸೆರಗಿನಂತೆ ಹೊದ್ದು, ಸೊಂಟ ಬಾಗಿಸಿ, "ಬಣ್ಣ ಚಲೋ ಐತೇ ಯವ್ವಾ, ಬೆಳ್ಳಗ ಬೆಳ್ಳಗ!" ಎಂದು ಥೇಟ್ ಆಯಿಯ ದನಿಯಲ್ಲಿ ಹೇಳಿದ. ಆಯಿಯೂ ನಕ್ಕಳು. ನಕ್ಕು, ತಲೆ ತಗ್ಗಿಸಿ ಭಕ್ರಿ ಮುರಿದಳು.

ಮೂರಕ್ಕೆ ಮೂರು. ಎರಡು ವಾರ ಅದು ಹಾಗೇ ನಡೆಯಿತು. ಜಿನೇಂದ್ರ ಎಣ್ಣೆಗಾಯಿ ಸಪ್ಪಗಿದೆ ಎಂದರೆ ನೀಲಮ, "ಕಾಂತಿದಾಗ ಖಾರ ಹಾಕ್ತಾರಂತ, ಅಲ್ಲೇ ಉಣ್ರಿ," ಎನ್ನುತ್ತಿದ್ದಳು. ಅಂಗಳ ಕಸ ಹೊಡೆಯುವುದು ಯಾರ ಪಾಳಿ ಎಂದು ಶುರುವಾದ ಅಣ್ಣತಂಗಿಯ ಜಗಳ ಮಂಗಳೂರಿಗೆ ಹೋಗಿ ಮುಗಿಯುತ್ತಿತ್ತು. ಒಂದು ಸಂಜೆ ಜಿನೇಂದ್ರ ತಾಟು ಸರಿಸಿ ಎದ್ದೇಬಿಟ್ಟ.

"ಹಡಗ ಕ್ಯಾನ್ಸಲ್! ಮುಂದ ಹಡಗಿನ ಹೆಸರ ಎತ್ತಿದ್ರ ನೋಡ್ರಿ."

"ಬಾಳಾಸಾಬನ ಸಮಂದ ಎಲ್ಲಾ ಕ್ಯಾನ್ಸಲ್ ಮಾಡ್ರಿ," ಎಂದಳು ನೀಲಮ. "ಅಂವ ಉಸರಾಡ್ತಾನ, ನೀವು ಅದನ್ನೂ ಬಿಡ್ರಿ."

ಆಗ ಆಯಿ ಮೆಲ್ಲಗೆ ಹೇಳಿದಳು. "ಜಗಳ ಯಾಕ? ಅವ್ವನ್ನ ಕೇಳೂಣು."

ಅವ್ವ ಎಂದರೆ ದೇವರ ಕೋಣೆಯ ಪದ್ಮಾವತಿ, ಗೇಣುದ್ದದ ಹಿತ್ತಾಳೆ ಮೂರ್ತಿ. ಮನೆಯಲ್ಲಿ ಏನಾದರೂ ಬಗೆಹರಿಯದಿದ್ದರೆ ಅವ್ವನ ಎರಡು ಹೆಗಲಿಗೆ ಎರಡು ಹೂವು ನೀರಲ್ಲಿ ಅದ್ದಿ ಅಂಟಿಸುತ್ತಿದ್ದರು. ನೀರು ಆರಿದಂತೆ ಯಾವ ಕಡೆಯದು ಮೊದಲು ಬೀಳುತ್ತದೋ ಅದು ಅವ್ವನ ಮಾತು. ಬಾವಿ ತೋಡಿಸುವಾಗ, ನೀಲಮನನ್ನು ಸೊಸೆ ಮಾಡಿಕೊಳ್ಳುವಾಗ ಎಲ್ಲ ಹೀಗೇ ಆಗಿತ್ತು. ಅವ್ವ ಹೇಳಿದ ಮೇಲೆ ಮನೆಯಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಮರುದಿನ ಶುಕ್ರವಾರ ಬೆಳಿಗ್ಗೆ ಎಲ್ಲರೂ ಸ್ನಾನ ಮಾಡಿ ಕೂತರು. ಆಯಿಯ ಬೆರಳು ನಡುಗತೊಡಗಿದ ಮೇಲೆ, ಎರಡು ವರ್ಷದಿಂದ ಹೂ ಏರಿಸುವ ಕೆಲಸ ಅಭಿಯದು. "ನನ್ನ ಕೈ ಅಂದ್ರ ಅಭಿ ಕೈ," ಎಂದು ಆಯಿ ಬಂದವರಿಗೆಲ್ಲ ಹೇಳುತ್ತಿದ್ದಳು.

"ಬಲ ಹೆಗಲಿಂದು ಜ್ಯೋತಿ, ಎಡಗಡಿದು ಕಾಂತಿ," ಎಂದಳು ಆಯಿ.

ಅಭಿ ಎರಡು ಸೇವಂತಿಗೆ ತೆಗೆದುಕೊಂಡ. ಪಕ್ಕದ ಬಟ್ಟಲಲ್ಲಿ ಗಂಧ ತೇಯ್ದಿಟ್ಟಿತ್ತು, ಗಟ್ಟಿಯಾಗಿ, ಅಂಟಾಗಿ. ಐಡಿಯಾ ಬಂದದ್ದಕ್ಕೂ ಕೈ ಆಡಿದ್ದಕ್ಕೂ ನಡುವೆ ಒಂದು ರೆಪ್ಪೆ ಬಡಿತದಷ್ಟೂ ಅಂತರವಿರಲಿಲ್ಲ. ಎಡಗಡೆಯ ಹೂವಿಗೆ ಬರೀ ನೀರು. ಬಲಗಡೆಯದರ ಬೆನ್ನಿಗೆ ಗಂಧದ ಉಂಡೆ. ಅವನ ಬೆನ್ನೇ ಅಡ್ಡ ಇತ್ತು, ಯಾರಿಗೂ ಕಾಣಲಿಲ್ಲ.

ಆಯಿ ಕೈಮುಗಿದು ಕಣ್ಣು ಮುಚ್ಚಿ ಏನೋ ಕೇಳಿಕೊಳ್ಳುತ್ತಲೇ ಇದ್ದಳು. ಒಂದು ಹಡಗಿಗೆ ಇಷ್ಟುದ್ದ ಡೈಲಾಗ್ ಯಾಕೆ ಎಂದು ಅಭಿಗೆ ಒಳಗೊಳಗೇ ನಗೆ.

ಕಾಲು ತಾಸಿನಲ್ಲಿ ಎಡಗಡೆಯ ಹೂವು ಟಪ್ಪೆಂದು ಬಿತ್ತು.

"ಕಾಂತಿ!" ಜಿನೇಂದ್ರ ತೊಡೆ ತಟ್ಟಿದ. "ಅವ್ವಗ ಗೊತ್ತೈತಿ ನೋಡ ಬಾಳಾಸಾಬ ಎಂಥಾಂವ ಅಂತ!"

ಆಯಿ ಬಲಗಡೆಯ ಹೂವನ್ನೇ ನೋಡುತ್ತಿದ್ದಳು. ಅದು ಅಲ್ಲಾಡಲಿಲ್ಲ. ಎಲ್ಲರೂ ಎದ್ದರೂ ಅವಳು ಏಳಲಿಲ್ಲ.

"ಆತು," ಎಂದಳು ಕೊನೆಗೆ. "ಬ್ಯಾಡ ಅಂದ್ಲು."

ಕಾಂತಿ ಅಂದ್ಲು ಅನ್ನಲಿಲ್ಲ, ಬ್ಯಾಡ ಅಂದ್ಲು ಎಂದಳು. ಅಭಿಯ ಕಿವಿಗೆ ಅದು ಬಿತ್ತು. ಆದರೆ ಅವನಿಗೆ ಆಗ ಬಲಗಡೆಯ ಹೂವನ್ನು ಕಿತ್ತು ಗಂಧ ಒರೆಸುವ ಅವಸರ. ಅದೇ ಸಂಜೆ ಟಿಕೆಟ್ಟು ಬುಕ್ ಆಯಿತು.

ವಾರ ಕಳೆದಿತ್ತು. ಆಯಿ ಕಪಾಟಿನಿಂದ ಒಂದು ಪೊಟ್ಟಣ ತೆಗೆದು ಸೊಸೆಯ ಕೈಗೆ ಕೊಟ್ಟಳು. ಒಳಗೆ ಅಂಚಿಲ್ಲದ ಬಿಳಿ ನೂಲಿನ ಸೀರೆ.

"ಇದನ್ನ ಬಸದಿ ಉಪಾಧ್ಯೆರ ಕಡೆ ಕೊಡ ನೀಲಮಾ. ಯಾರರೆ ಮೂಡಬಿದರಿಗೆ ಹೋಗಾವ್ರು ಇದ್ರ ಮಾತಾಜಿಗೆ ಮುಟ್ಟಸ್ತಾರ."

"ನೀವ ಕೊಡಬೇಕಂತ ತಂದಿದ್ರೇನ್ರಿ ಅತ್ತಿ?"

"ಹೂಂ. ಇರಲಿ ಬಿಡು."

ಬೂಟು ಕಟ್ಟುತ್ತಿದ್ದ ಅಭಿಗೆ ಮೂಡಬಿದರೆ ಎಂಬ ಮಾತು ಮುಳ್ಳಿನಂತೆ ಸಿಕ್ಕಿಕೊಂಡಿತು. ಮೂಡಬಿದರೆ ಎಂದರೆ ಮಂಗಳೂರಿನಿಂದ ಒಂದು ತಾಸಿನ ದಾರಿ. ಅಜ್ಜನಿಗೆ ಮಧ್ಯಾಹ್ನದ ಬುತ್ತಿ ಒಯ್ದವನು ಅಲ್ಲೇ ಕೇಳಿದ. ಅಜ್ಜ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಖಾಲಿ ಜಾಳಿಗೆಗಳನ್ನು ಮಡಚುತ್ತಿದ್ದರು.

"ಅಜ್ಜಾ, ಮೂಡಬಿದರಿದಾಗ ಯಾವ ಮಾತಾಜಿ?"

ತವನಪ್ಪ ಜಾಳಿಗೆಯ ಇನ್ನೊಂದು ತುದಿ ಅವನ ಕೈಗೆ ಕೊಟ್ಟರು. "ನಿಮ್ಮ ಆಯಿಗೆ ಒಬ್ಬಾಕಿ ಅಕ್ಕ ಇದ್ಲು. ಚಂಪಾ ಅಂತ. ಇದ್ಲು ಅನಬಾರದು, ಅದಾಳ. ನಲವತ್ತ ವರ್ಷದ ಹಿಂದ ದೀಕ್ಷಾ ತಗೊಂಡ ಹ್ವಾದ್ಲು. ತಾಯಿ ಸತ್ತಮ್ಯಾಲ ಆಕಿನ ನಿಮ್ಮ ಆಯಿಗೆ ತಲಿ ಹಿಕ್ಕಿ, ಜಡಿ ಹಾಕಿ ದೊಡ್ಡಾಕಿ ಮಾಡಿದ್ಲು. ದೀಕ್ಷಾದಿಂದ ಇಲ್ಲಿತನಾ ನಿಮ್ಮ ಆಯಿ ಆಕಿನ್ನ ನೋಡಿಲ್ಲ. ಈಗ ಆಕಿಗೆ ಎಂಬತ್ತರ ಮ್ಯಾಲ. ಮೇ ಹದಿನೈದರತನಾ ಮೂಡಬಿದರಿದಾಗ ಇರತಾಳಂತ. ಆಮ್ಯಾಲ ನಡಕೋತ ತಮಿಳನಾಡಿಗೆ."

"ಮತ್ತ ಆಯಿ ಯಾಕ ಬಾಯಿ ಬಿಡಲಿಲ್ಲ? ಬಣ್ಣ ಅದು ಇದು ಅಂತ..."

"ಹೆಂಗ ಬಿಡತಾಳೋ? ದೀಕ್ಷಾ ಆದಾವ್ರಿಗೆ ಅಕ್ಕ ಇಲ್ಲ, ತಂಗಿ ಇಲ್ಲ. ಅಕ್ಕಾ ಅಂತ ಹುಡಿಕ್ಕೊಂಡ ಹ್ವಾದ್ರ ಅದು ಮೋಹ, ಆಕಿ ವ್ರತಕ್ಕ ದೋಷ. ಅದಕ್ಕ ಅವ್ವನ್ನ ಕೇಳೂಣು ಅಂದ್ಲು. ಅವ್ವ ಹೋಗು ಅಂದಿದ್ರ ಅದು ಮೋಹ ಆಗತಿರಲಿಲ್ಲ, ದರ್ಶನ ಆಗತಿತ್ತು. ಹೂ ಬಿದ್ದಮ್ಯಾಲ ನನ್ನ ಮುಂದ ಹೇಳಿದ್ಲು. ಮೊದಲ ಹೇಳಿದ್ರ ನಾ ಯಾಕ ಕಾಂತಿ ಅಂತಿದ್ದೆ? ಆಳ ಬಂದ್ರ ಬರತಿದ್ವು, ಹ್ವಾದ್ರ ಹೋಗತಿದ್ವು." ಅಜ್ಜ ಜಾಳಿಗೆಯ ತುದಿ ಜೋಡಿಸುತ್ತ, "ನಾನೂ ಕೇಳಲಿಲ್ಲ ನೋಡ," ಎಂದರು.

ಅಭಿ ಜಾಳಿಗೆ ಹಿಡಿದು ನಿಂತೇ ಇದ್ದ. "ಮಡಚೋ," ಎಂದರು ಅಜ್ಜ.

ಆ ಸಂಜೆ ಆಯಿ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಾಗ ಅಭಿ ಮೊರದ ಮುಂದೆ ಬಂದು ಕೂತ.

"ಆಯಿ, ಮಿರಜಿಗೆ ಹೋಗಿ ರೈಲ ಹತ್ತೂಣು. ನಾನೂ ನೀನೂ, ಇಬ್ಬರ. ಮೂಡಬಿದರಿ ಮುಟ್ಟಿ ಮೂರ ದಿನದಾಗ ಹೊಳ್ಳಿ ಬರೂಣು."

ಆಯಿ ತಲೆ ಎತ್ತಿದಳು. ಆ ಮುಖದಲ್ಲಿ ಏನೋ ಬೆಳಗಿ, ಅಲ್ಲೇ ನಂದಿತು. "ಅಜ್ಜ ಹೇಳಿದ್ರೇನು? ಬ್ಯಾಡಪಾ. ಅವ್ವ ಬ್ಯಾಡ ಅಂದಾಳ."

"ಅವ್ವ ಹಡಗ ಬ್ಯಾಡ ಅಂದಾಳ, ರೈಲ ಬ್ಯಾಡ ಅಂದಿಲ್ಲ!"

"ನಾ ಅವ್ವಗ ಹಡಗಾ ಕೇಳಿದ್ದಿಲ್ಲೋ ಅಭಿ. ಅಕ್ಕನ್ನ ನೋಡ್ಲ್ಯಾ ಅಂತ ಕೇಳಿದ್ದೆ."

ಈಗಲೇ ಹೇಳಬೇಕು. ಬಾಯಿ ತೆರೆದ. "ಆಯಿ, ಆ ಹೂವಾ..."

"ಏನೋ?"

ಅವ್ವನ ಹೂವಿಗೆ ಕೈಯಾಡಿಸಿದವನನ್ನು ಅಪ್ಪ ಬೆಲ್ಟಿನಿಂದ ಬಾರಿಸುತ್ತಾನೆ, ಅದನ್ನು ತಡೆದುಕೊಳ್ಳಬಹುದಿತ್ತು. ಆದರೆ ನನ್ನ ಕೈ ಅಂದ್ರ ಅಭಿ ಕೈ ಎನ್ನುವವಳು ಆ ಕೈಯನ್ನು ಹೇಗೆ ನೋಡಿಯಾಳು?

"ಹೂವಾ ಅಂದ್ರ ಹೀರೋಯಿನ್ ಇದ್ದಂಗ ಆಯಿ. ಯಾವಾಗ ಬೀಳ್ತಾಳ, ಯಾರಿಗೆ ಬೀಳ್ತಾಳ, ಡೈರೆಕ್ಟರಗೂ ಗೊತ್ತಿರಂಗಿಲ್ಲ!"

"ಥೂ ನಿನ್ನ," ಎಂದು ಆಯಿ ನಕ್ಕಳು. ಅಭಿಯೂ ನಕ್ಕ. ಹುಟ್ಟಿದಾಗಿನಿಂದ ಅವನು ನಗಿಸಿದ್ದರಲ್ಲಿ ಅಷ್ಟು ಕೆಟ್ಟ ನಗೆ ಇನ್ನೊಂದಿರಲಿಲ್ಲ.

ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಅಷ್ಟಮಿ, ಆಯಿಗೆ ಉಪವಾಸ, ಹೊಟ್ಟೆಯಲ್ಲಿ ಏನಿಲ್ಲದವಳಿಗೆ ಏನು ಹೇಳುವುದು. ನಾಡಿದ್ದು ಮನೆಗೆ ಬೀಗರು. ಅದರಾಚೆ ಬ್ರಾಹ್ಮಿಗೆ ಜ್ವರ. ಮೇ ಮೊದಲ ವಾರ ಜ್ಯೋತಿ ಹೊರಟುಹೋಯಿತು, ಮೊಬೈಲಿನಲ್ಲಿ ಅದರ ಚಿತ್ರದ ಮೇಲೆ ಬೂದು ಬಣ್ಣ ಬಂತು. ರೈಲು ಆಗಲೂ ಇತ್ತು. ದಿನವೂ ಇತ್ತು. ಅಭಿ ಎರಡು ಸಲ ಸೀಟು ನೋಡಿದ, ಒಂದು ಸಲ ಹೆಸರೂ ಬರೆದ. ಗೆಳೆಯ ನಾಮದೇವನ ಮುಂದೆ ಎಲ್ಲ ಹೇಳಿಕೊಂಡ.

"ಲೇ, ಹೋಗಿ ಕಾಲ ಹಿಡದ ಹೇಳಲೇ," ಎಂದ ನಾಮದೇವ. "ಏನ್ ನುಂಗ್ತಾಳೇನ ಮುದುಕಿ?"

"ನುಂಗಂಗಿಲ್ಲ. ಅದ ತ್ರಾಸ."

ಹದಿನೈದನೇ ತಾರೀಖಿನ ಸಂಜೆ ಆಯಿ ಊಟಕ್ಕೆ ಬರಲಿಲ್ಲ. ನೀಲಮ ಕರೆದಳು. "ಹಸಿವಿಲ್ಲ. ನೀವು ಉಣ್ರಿ, ಹೊತ್ತ ಹೊಂಟತಿ," ಎಂದಳು. ಅಜ್ಜನೂ ಅರ್ಧ ಭಕ್ರಿಗೇ ಕೈ ತೊಳೆದರು. ಜಿನೇಂದ್ರ ಮಾತ್ರ, "ಹಡಗದಾಗ ಉಣ್ಣಾಕ ಈಗಿಂದ ಹೊಟ್ಟಿ ಖಾಲಿ ಮಾಡಾಕತ್ತೀರೇನು?" ಎಂದ. ಯಾರೂ ನಗಲಿಲ್ಲ.

ಕಾಂತಿ ಮುಂಬೈ ಬಿಟ್ಟಿತು. ಫೋಟೋದಲ್ಲಿದ್ದಂತೆಯೇ ಇತ್ತು, ಹನ್ನೊಂದು ಮಜಲು, ಹಾಲಿನಷ್ಟು ಬಿಳಿ. ನೀಲಮ ಮೊದಲ ದಿನ ಉಂಡ ತಾಟು ತೊಳೆಯಲು ನಳ ಹುಡುಕಿ, ಹಡಗಿನ ಕೆಲಸದ ಹುಡುಗನೊಬ್ಬ ಕೈಯಿಂದ ಕಸಿದುಕೊಂಡಾಗ ನಾಚಿ ಕೆಂಪಾದಳು. ಜಿನೇಂದ್ರ ಹೆಜ್ಜೆಗೊಂದು ಫೋಟೋ ಹೊಡೆದ. ನಡುನೀರಲ್ಲಿ ನೆಟ್‌ವರ್ಕ್ ಇಲ್ಲದೆ ಬಾಳಾಸಾಬನಿಗೆ ಒಂದೂ ಮುಟ್ಟದೆ ಒದ್ದಾಡಿದ. ಬ್ರಾಹ್ಮಿ ಜಾರಬಂಡಿಯಲ್ಲಿ ನಾಲ್ಕು ಸಲ ಜಾರಿ ಬಂದಳು.

"ದಾದಾ, ನೀ ಬರೂದಿಲ್ಲೇನು? ಇದರ ಸಮಂದ ಎಷ್ಟ ಕುಣದಿದ್ದಿ!"

"ಆಮ್ಯಾಲ."

ಎರಡನೆಯ ದಿನ ಮಧ್ಯಾಹ್ನ ಆಯಿ ಮೇಲಿನ ಮಜಲಿನ ಎಡಬದಿಯಲ್ಲಿ ಕುರ್ಚಿ ಹಾಕಿ ಒಬ್ಬಳೇ ಕೂತಿದ್ದಳು. ಎದುರಿಗೆ ಬರೀ ನೀರು. ಅಭಿ ಬಂದು ಕಾಲ ಬಳಿ ಕೂತ.

"ಭೂಮಿ ಈ ಕಡೀಗೆ ಐತಂತ," ಎಂದಳು ಆಯಿ. "ಇಲ್ಲಿ ಕೆಲಸದ ಹುಡುಗ ಹೇಳಿದ. ಕಾಣೂದಿಲ್ಲ, ಆದ್ರ ಐತಂತ."

ಅಭಿಗೆ ಒಂದೂ ಡೈಲಾಗ್ ಬರಲಿಲ್ಲ. ಸೀದಾ ಹೇಳಿದ. "ಆಯಿ, ಹೂವಿಗೆ ನಾ ಗಂಧಾ ಹಚ್ಚಿದ್ದೆ."

"ಯಾವ ಹೂವಿಗೆ?"

"ಬಲಗಡಿದಕ್ಕ. ಬೀಳಬಾರದಂತ. ನನಗ ಈ ಹಡಗ ಬೇಕಾಗಿತ್ತು."

ಆಯಿ ಅವನನ್ನೇ ನೋಡಿದಳು. ಸೀರೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಜಾರಬಂಡಿಯ ಕಡೆಯಿಂದ ಮಕ್ಕಳ ಕೇಕೆ ಬರುತ್ತಿತ್ತು. ಅವಳು ಆ ಕಡೆ ಕತ್ತು ತಿರುಗಿಸಿದಳು.

"ಅದರ ಸಮಂದೇನು?"

"ಹೂಂ."

"ಆ ಹಡಗದಾಗ ಅದು ಇರಲಿಲ್ಲೇನು?"

"ಇತ್ತು ಆಯಿ. ಸ್ವಲ್ಪ ಸಣ್ಣದು."

ಅವಳು ಹೂಂ ಎಂದಳು. ಬಯ್ಯಲಿಲ್ಲ. "ಒಂದ ತಿಂಗಳಾತು ಅಭಿ, ನಾ ಅವ್ವನ ಕೂಡ ಮಾತಾಡಿಲ್ಲ," ಎಂದಳು. "ದೀಪಾ ಹಚ್ಚತಿದ್ದೆ, ಹೂ ಏರಸತಿದ್ರಿ, ಕೈ ಮುಗಿತಿದ್ದೆ. ಮಾತ ಮಾತ್ರ ಆಡತಿರಲಿಲ್ಲ. ಐವತ್ತ ವರ್ಷದಾಗ ಒಂದ ಕೇಳಿದೆ, ಅದಕ್ಕ ಬ್ಯಾಡ ಅಂದ್ಲಲ್ಲಾ ಅಂತ ಸಿಟ್ಟ ಬಂದಿತ್ತು. ಪಾಪ, ಆಕಿ ಏನೂ ಅಂದಿದ್ದಿಲ್ಲ."

"ಹೊಡಿ ಆಯಿ ನನ್ನ. ನಾಕ ಹೊಡಿ."

"ಹೊಡದ್ರ ಏನ ಬರತೈತೋ?" ಆಯಿ ನೀರಿನ ಕಡೆ ತಿರುಗಿದಳು. "ಅಕ್ಕ ಹೋಗಿರತಾಳೇನು?"

"ಹದಿನೈದಕ್ಕ ಅಂದಿದ್ರಲ್ಲ. ಒಂದೊಂದ ಸಲ ತಡಾ ಆಗತೈತಿ. ನಾಳಿ ಕೊಚ್ಚಿದಾಗ ನೆಟ್‌ವರ್ಕ್ ಸಿಗತೈತಿ. ಕೇಳ್ತೀನಿ."

ಕೊಚ್ಚಿಯಲ್ಲಿ ಹಡಗು ನಿಂತಿತು. ಉಳಿದವರು ಊರು ನೋಡಲು ಇಳಿದರು. ಆಯಿ, ಕಾಲು ನೋವು ಎಂದಳು. ಅಭಿ, ಆಯಿ ಕೂಡ ಇರ್ತೀನಿ ಎಂದ. ಮೂಡಬಿದರೆ ಬಸದಿಯ ನಂಬರನ್ನು ಊರಿನ ಉಪಾಧ್ಯೆಯವರಿಂದ ತರಿಸಿಕೊಂಡು ಹಚ್ಚಿದ. ಆ ಕಡೆ ಎತ್ತಿದವರು ಮಂಗಳೂರು ಕಡೆಯ ಕನ್ನಡದವರು. ಆಯಿಗೂ ಕೇಳಲೆಂದು ಅಭಿ ಸ್ಪೀಕರ್ ಒತ್ತಿದ.

"ಮಾತಾಜಿಯಾ? ಅವರು ಹೋಗಿ ಐದು ದಿನ ಆಯ್ತಲ್ಲ ಮಾರಾಯ್ರೆ. ಇನ್ನೆರಡು ದಿನ ನಿಲ್ಲಿ ಅಂತ ನಾವು ಹೇಳಿದ್ದು, ಕೇಳಲಿಲ್ಲ. ಈ ಪ್ರಾಯದಲ್ಲಿ ನಡೆದುಕೊಂಡೇ ಹೋಗುದಲ್ವಾ. ಇನ್ನು ಈ ಕಡೆ ಬರುದಿಲ್ಲ ಅಂತಲೂ ಹೇಳಿದ್ರು."

"ಈಗ ಎಲ್ಲಿ ಸಿಗತಾರ್ರಿ?"

"ದಾರಿಯಲ್ಲಿ ಎಲ್ಲಿ ಉಳೀತಾರೆ ಅಂತ ಮೊದಲೇ ಹೇಳುವ ಕ್ರಮ ಇಲ್ಲ ಅಲ್ವಾ. ಅವರ ಸಂಘದವರು ಯಾವಾಗಾದ್ರೂ ಫೋನು ಮಾಡಿದ್ರೆ ಹೇಳ್ತೇನೆ. ನೀವು ಯಾರು ಕೇಳಿದ್ದು ಅಂತ ಹೇಳ್ಬೇಕು?"

ಅಭಿ ಆಯಿಯ ಮುಖ ನೋಡಿದ. ಅವಳು ತುಟಿ ಬಿಗಿದು, ಬೇಡ ಎಂಬಂತೆ ಕೈಯಾಡಿಸಿದಳು.

"ಕಾಗವಾಡದ ಭಕ್ತರು ಅಂತ ಹೇಳ್ರಿ."

"ಆಯ್ತು." ಫೋನು ಇಟ್ಟ ಸದ್ದಾಯಿತು.

ಕೆಳಗೆ ಬಂದರಿನಲ್ಲಿ ಜಿನೇಂದ್ರ ಹಡಗು ಇಡಿಯಾಗಿ ಬರುವಂತೆ ಹಿಂದೆ ಹಿಂದೆ ಸರಿಯುತ್ತ ನೀಲಮನ ಫೋಟೋ ಹೊಡೆಯುತ್ತಿದ್ದ. ಆಯಿ ಕಟಕಟೆ ಹಿಡಿದು ಅದನ್ನು ನೋಡುತ್ತ ನಿಂತಳು.

"ಭಕ್ತರು ಅಂತ ಹೇಳಿದಿ?"

"ಕಾಗವಾಡದ ಭಕ್ತರು ಅಂತ. ನೀನ ಬ್ಯಾಡ ಅಂದೆಲ್ಲ ಆಯಿ."

"ಹೌದು, ನಾನ ಅಂದೆ." ಆಯಿ ಕಟಕಟೆ ಬಿಟ್ಟು ಅವನ ಕಡೆ ತಿರುಗಿದಳು. "ತಂಗಿ ಕೇಳಿದ್ಲು ಅನಬೇಕಾಗಿತ್ತೋ."

ಅಭಿ ಮತ್ತೆ ಆ ನಂಬರು ಒತ್ತಿದ. ಆಯಿ ಬಾಗಿ, ಅವನ ಕೈಯಲ್ಲಿದ್ದ ಫೋನಿಗೆ ತನ್ನ ಕಿವಿ ತಂದಳು. ಆ ಕಡೆ ಫೋನು ರಿಂಗಾಯಿತು, ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.